ಏಳನೆಯ ಪೆಟ್ಟಿಗೆಯ ಹೆಸರು

ಬೋಜ್-ಬೆಲ್ ಹಳ್ಳಿಗೆ ಚಿತ್ರ ಹೋಗುತ್ತಿಲ್ಲ ಎನ್ನುವುದಕ್ಕಿಂತ, ಅದು ತನ್ನ ತಪ್ಪಲ್ಲ ಎಂದು ಮೂರು ದಿನದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುವುದೇ ಸಿರ್ಗಾಕನಿಗೆ ಹೆಚ್ಚು ಸುಸ್ತು ತಂದಿತ್ತು. ಯಾರೂ ಅವನನ್ನು ಕೇಳಿರಲಿಲ್ಲ. ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಗೆ ಹೇಳಿದ. ಚಹಾ ಬಗ್ಗಿಸುತ್ತಿದ್ದ ಹೆಂಡತಿಗೆ ಹೇಳಿದ. ನಾರಿನ್ ಪೇಟೆಯ ಸೇತುವೆಯ ಮೇಲೆ ಸಿಕ್ಕ ಹಳೆಯ ಸಹಪಾಠಿ ತನ್ನ ಹಲ್ಲುನೋವಿನ ಕಥೆ ತೆಗೆದಾಗ ಮಧ್ಯೆ ಬಾಯಿ ಹಾಕಿ ಅವನಿಗೂ ಹೇಳಿದ. ಸಹಪಾಠಿ ದವಡೆ ಹಿಡಿದುಕೊಂಡೇ, "ನಿನ್ನ ತಪ್ಪು ಅಂತ ಯಾರಯ್ಯಾ ಅಂದ್ರು?" ಎಂದು ಕೇಳಿದ್ದಕ್ಕೆ ಸಿರ್ಗಾಕ್ ತಡವಾಯಿತೆಂದು ಸೇತುವೆ ದಾಟಿಬಿಟ್ಟ. ಈಗ, ಔಷಧಿ ಅಂಗಡಿಯ ಮೇಲಿನ ಮಹಡಿಯ ಆಫೀಸಿನಲ್ಲಿ, ಪರದೆಯ ಮುಂದೆ ಕೂತಿದ್ದ. ಏಳು ಹಳ್ಳಿಗಳ ಏಳು ಚೌಕಗಳಲ್ಲಿ ಒಂದೇ ಚಿತ್ರ ಏಳು ಸಲ ಓಡುತ್ತಿತ್ತು. ಎಂಟನೆಯ ಚೌಕ ಕಪ್ಪಗೆ ಬಿದ್ದಿತ್ತು. ಆ ಕಪ್ಪಿನಲ್ಲಿ ತನ್ನದೇ ಮುಖ, ಕಣ್ಣಿನ ಕೆಳಗಿನ ಜೋಲು ಚರ್ಮದ ಸಮೇತ, ಸ್ಪಷ್ಟವಾಗಿ ಕಾಣುತ್ತಿರುವುದು ಗಮನಕ್ಕೆ ಬಂದು ಅವನು ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿಕೊಂಡ.

ಮಾಲೀಕ ಕೆರಿಮ್‌ಕುಲನ ತಂದೆ ತೀರಿಕೊಂಡು ಇವತ್ತಿಗೆ ವರ್ಷ. ವರ್ಷದ ಊಟ, ಆಶ್, ಪೇಟೆಯ ಹೊರಗಿನ ಬಯಲಿನಲ್ಲಿ. ಎರಡು ಗಂಟೆಗೆ ಸತ್ತವರ ಹೆಸರಿನಲ್ಲಿ ಕುದುರೆ ಓಟ. ಆ ಓಟವನ್ನು ನೋಡಬೇಕಾದ ಮುಖ್ಯ ವ್ಯಕ್ತಿ, ಕೆರಿಮ್‌ಕುಲನ ತಾಯಿ, ಕಾಲು ಮುರಿದುಕೊಂಡು ಬೋಜ್-ಬೆಲ್‌ನಲ್ಲಿ ಮಲಗಿದ್ದಳು. ಆ ಹಳ್ಳಿ ಇರುವುದು ಕಣಿವೆಯ ತುದಿಯಲ್ಲಿ, ಮೊಬೈಲು ಸಿಗ್ನಲ್ ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಸತ್ತುಹೋಗುವ ಜಾಗದಲ್ಲಿ. ಹೋದ ವಾರವಷ್ಟೇ ಅಲ್ಲಿಗೆ ಕಂಪನಿಯ ಲೈನು ಎಳೆದು, ಹೊಸ ಪೆಟ್ಟಿಗೆ ಕೂರಿಸಿದ್ದರು. ಮುದುಕಿಯ ಹಾಸಿಗೆಯ ಎದುರಿಗೆ ದೊಡ್ಡ ಟೀವಿ ಬಂದಿತ್ತು. ಅದರಲ್ಲಿ ಚಿತ್ರ ಬಂದಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕೆರಿಮ್‌ಕುಲ್ ಬಯಲಿನಿಂದ ಫೋನು ಮಾಡಿದ್ದ; ಹಿಂದೆ ಕುರಿಗಳ ಕೂಗು, ಕಟ್ಟಿಗೆ ಒಡೆಯುವ ಸದ್ದು. "ಸಿರ್ಗಾಕ್ ತಮ್ಮಾ, ಅಮ್ಮ ರಾತ್ರಿಯಿಂದ ಆ ಕಪ್ಪು ಗಾಜು ನೋಡ್ಕೊಂಡು ಕೂತಿದ್ದಾರಂತೆ. ಎರಡು ಗಂಟೆಗೆ ಚಿತ್ರ ಬರಲಿಲ್ಲ ಅಂದ್ರೆ ಆ ಹುಡುಗಿ ನಾಳೆಯಿಂದ ಆಫೀಸಿನ ಮೆಟ್ಟಿಲು ಹತ್ತೋದು ಬೇಡ, ಹೇಳಿಬಿಡು." ಹುಡುಗಿ ಎಂದರೆ ಮೀರಿಮ್, ಕಂಪನಿಗೆ ಸೇರಿ ಎರಡು ತಿಂಗಳಾಗಿತ್ತು. ತಪ್ಪು ಅವಳದೆಂದು ಮಾಲೀಕನಿಗೆ ಹೇಳಿದವರು ಯಾರು? ಸಿರ್ಗಾಕ್ ಹಾಗೇನೂ ಹೇಳಿರಲಿಲ್ಲ. "ಹೊಸ ಪೆಟ್ಟಿಗೆ ಕೂರಿಸಿದ್ದು ಮೀರಿಮ್, ಬಾಯ್ಕೆ" ಎಂದಷ್ಟೇ, ಎಂದಿನಂತೆ ಅಣ್ಣನ ಸ್ಥಾನ ಕೊಟ್ಟು, ಅಂದಿದ್ದ. ಆ ಮಾತನ್ನು ಅವನು ಆಮೇಲೆ ಬಹಳ ಸಲ ತಿರುಗಿಸಿ ನೋಡಿದ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಷ್ಟು ಶುದ್ಧವಾದ ಮಾತನ್ನು ತಾನು ಆ ವರ್ಷವಿಡೀ ಆಡಿರಲಿಕ್ಕಿಲ್ಲ ಎನಿಸಿತು.

ಕೆಲಸದ ವಿಷಯದಲ್ಲಿ ಅವನಿಗೆ ಜಂಬವಿತ್ತು. ಒಂಬತ್ತು ವರ್ಷದ ಹಿಂದೆ ಈ ಕಣಿವೆಯ ಜನಕ್ಕೆ ಟೀವಿ ಹಂಚುವ ದಾರಿ ಹುಡುಕಿದವನು ಅವನೇ. ಮನೆಮನೆಗೂ ಬೇರೆಬೇರೆ ಚಿತ್ರ ಕಳಿಸಿದರೆ ಲೈನು ಉಸಿರುಗಟ್ಟಿ ಸಾಯುತ್ತದೆ. ಅದರ ಬದಲು ಪೇಟೆಯಿಂದ ಒಂದೇ ಒಂದು ಪ್ರತಿ ಹೊರಡಬೇಕು. ದಾರಿ ಕವಲೊಡೆದಲ್ಲಿ ಮಾತ್ರ ಎರಡಾಗಬೇಕು. ಯಾವ ಮನೆ ಬೇಕೆಂದು ಕೇಳಿದೆಯೋ ಆ ಕಡೆಗೆ ಮಾತ್ರ ತಿರುಗಬೇಕು. ಮಲ್ಟಿಕಾಸ್ಟ್ ಎಂದು ಅದರ ಹೆಸರು. "ಹಬ್ಬದ ದಿನ ಡಂಗುರದವನು ಊರಿಂದೂರಿಗೆ ಹೋಗೋ ಹಾಗೆ, ಬಾಯ್ಕೆ. ಹೊರಡೋನು ಒಬ್ಬನೇ, ಕೇಳೋರು ಸಾವಿರ" ಎಂದು ಅಂದು ಕೆರಿಮ್‌ಕುಲನಿಗೆ ವಿವರಿಸಿದ್ದ. ಆ ಹೋಲಿಕೆ ತನಗೇ ಎಷ್ಟು ಹಿಡಿಸಿತ್ತೆಂದರೆ ಆಮೇಲೆ ಕ್ಷೌರದವನಿಗೂ ಅದನ್ನೇ ಹೇಳಿದ್ದ. ಹಳ್ಳಿಗೊಂದರಂತೆ ಒಂದರ ಹಿಂದೊಂದು ಏಳು ರೂಟರ್ ಪೆಟ್ಟಿಗೆಗಳು. ಅವಕ್ಕೆ ಹೆಸರಿಡುವಾಗ, ಬರೀ ಅಂಕಿ ಸಾಕು ಎಂದವರ ಬಾಯಿ ಮುಚ್ಚಿಸಿ, ತನ್ನ ಏಳು ತಲೆಮಾರಿನ ತಂದೆಯರ ಹೆಸರಿಟ್ಟ. ಬೇಯ್ಶೆನ್, ಜುಮಾಶ್, ತಿಲೆಕ್, ಬೊರೊಂಚು, ಸಾರಿಬಾಯ್, ಕಲ್‌ಮುರಾತ್. ಕಿರ್ಗಿಜರಲ್ಲಿ ಏಳು ತಂದೆಯರ ಹೆಸರು ತಿಳಿಯದವನನ್ನು ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ಹುಡುಗನಾಗಿದ್ದಾಗ ಅಪ್ಪ ಬೇಯ್ಶೆನ್, ಬಂದ ನೆಂಟರ ಮುಂದೆಲ್ಲ ಅವನನ್ನು ನಿಲ್ಲಿಸಿ ಏಳೂ ಹೆಸರು ಹೇಳಿಸುತ್ತಿದ್ದ. ಕೈ ಪಕ್ಕಕ್ಕೆ, ಗಲ್ಲ ಮೇಲಕ್ಕೆ, ಉಸಿರು ಬಿಡದೆ. ಮುಗಿದ ಕೂಡಲೇ ಒಂದು ಸಕ್ಕರೆ ಗಡ್ಡೆ. ಆ ಒಂಬತ್ತು ವರ್ಷದ ಹಿಂದಿನ ಬೆಳಿಗ್ಗೆ, ಆಫೀಸಿನವರೆಲ್ಲ ಸುತ್ತ ನಿಂತಿರುವಾಗ, ಆರು ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ ಏಳನೆಯದಕ್ಕೆ ಪೆನ್ನು ಎತ್ತಿದವನಿಗೆ ಹೆಸರು ನೆನಪಿಗೆ ಬರಲಿಲ್ಲ. ಸಕ್ಕರೆಯ ರುಚಿ ಮಾತ್ರ ಬಾಯಿಗೆ ಬಂತು. ಅಪ್ಪ ಹೋಗಿ ಆಗಲೇ ಐದು ವರ್ಷ. ಇನ್ನೊಬ್ಬರನ್ನು ಕೇಳುವುದೆಂದರೆ ಮಾನ ಕಳೆದುಕೊಂಡಂತೆ. ಕಿಟಕಿಯಾಚೆ, ರಸ್ತೆಯ ಎದುರಿಗೆ, ಟೈರು ರಿಪೇರಿ ಅಂಗಡಿಯ ಬೋರ್ಡು: ಎಲ್ಚಿಬೆಕ್. ಅವನು ಅದನ್ನೇ ಬರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವಸಂತಕ್ಕೆ ಟೈರಿನವನು ಅಂಗಡಿ ಮುಚ್ಚಿಕೊಂಡು ಹೋದ. ಅವನ ಹೆಸರು ಮಾತ್ರ ಕಣಿವೆಯ ಏಳನೆಯ ಕಂಬದ ಮೇಲೆ ಉಳಿಯಿತು, ಒಬ್ಬ ಪೂರ್ವಜನಾಗಿ.

ಮೀರಿಮ್ ಅವನ ಮನೆತನದ ಸೊಸೆ. ದೊಡ್ಡಪ್ಪನ ಮೊಮ್ಮಗ ಉಲಾನನ ಹೆಂಡತಿ, ರಾಜಧಾನಿಯಲ್ಲಿ ಓದಿದವಳು, ಅವನಿಗಿಂತ ಚುರುಕು ಎಂದು ಅವನಿಗೆ ಮೊದಲ ವಾರವೇ ಅನುಮಾನ ಹುಟ್ಟಿಸಿದವಳು. ಮೊನ್ನೆ, ಚಿತ್ರ ಬರದ ಮೊದಲ ದಿನ, ಅವಳು ಕಾಗದ ಹಿಡಿದುಕೊಂಡು ಅವನ ಮೇಜಿನ ಹತ್ತಿರ ಬಂದು, "ಅಬಾಕೆ, ಸೇತುವೆ ಪಕ್ಕದವರಿಗೆ ಬರೋಹೊತ್ತಿಗೆ ಐದು ಉಳಿದಿದೆ. ಗಿರಣಿ ಹತ್ತಿರದವರಿಗೆ ನಾಲ್ಕು. ಅವರ ಮೇಲಿನ ಹಿರಿಯರಿಗೆ..." ಎಂದು ಶುರುಮಾಡಿದ್ದಳು. ಚಿಕ್ಕಪ್ಪನ ಸ್ಥಾನದವನಾದ್ದರಿಂದ ಅವನನ್ನು ಅಬಾಕೆ ಎನ್ನುತ್ತಿದ್ದಳು. ಅವನು ಅವಳಿಗೆ ವಾಕ್ಯ ಮುಗಿಸಲು ಬಿಡಲಿಲ್ಲ. "ಏನಮ್ಮಾ ಇದು? ರೂಟರ್ ವಿಷಯ ಹೇಳ್ತಿದ್ದೀಯೋ, ಬೀಗರ ಮನೆಗೆ ದಾರಿ ಹೇಳ್ತಿದ್ದೀಯೋ? ಪೆಟ್ಟಿಗೆಗಳಿಗೆ ಹೆಸರಿಲ್ವಾ? ಹೆಸರು ಹೇಳಕ್ಕೆ ಬಾಯಿ ಬರದ ಇಂಜಿನಿಯರನ್ನ ನಾನು ಇವತ್ತೇ ನೋಡಿದ್ದು!" ಲೆಕ್ಕ ಬರೆಯುವ ಗುಲ್ಜಾತ್ ಕಿಸಕ್ಕನೆ ನಕ್ಕಳು. ಮೀರಿಮ್ ಕಾಗದ ಮಡಚಿಕೊಂಡು ಹೋದಳು. ಸೊಸೆಯಾಗಿ ಬಂದವಳು ಗಂಡನ ಕಡೆಯ ಹಿರಿಯ ಗಂಡಸರ ಹೆಸರನ್ನು ಬಾಯಲ್ಲಿ ತರಬಾರದು, ಬರೆಯಲೂಬಾರದು, ಬೇರೊಂದು ಹೆಸರು ಕಟ್ಟಿಕೊಂಡು ಕರೆಯಬೇಕು. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇ? ಅವನ ತಾಯಿ ಸಾಯುವ ತನಕ ಅವನ ಅಜ್ಜನನ್ನು 'ಮೇಲಿನ ಮನೆಯವರು' ಎಂದೇ ಕರೆದಳು. ಆದರೆ ಆ ಪೆಟ್ಟಿಗೆಗಳ ಮೇಲಿನ ಹೆಸರುಗಳು ಮೀರಿಮಳ ಬಾಯಿಗೆ ಬೀಗ ಹಾಕಿವೆ ಎನ್ನುವುದು ಅವನಿಗೆ ಹೊಳೆದದ್ದು ಸಂಜೆ ಬಚ್ಚಲಲ್ಲಿ ಕಾಲು ತೊಳೆಯುವಾಗ. ಆಗಲೂ ಅವಳಿಗೆ ಫೋನು ಮಾಡಲಿಲ್ಲ; ತಮಾಷೆಯಾಗಿದೆ ಎಂದುಕೊಂಡು ಹೆಂಡತಿಗೆ ಹೇಳಿದ. ಹೆಂಡತಿ ನಗಲಿಲ್ಲ. "ಅವಳು ಏನು ಹೇಳಕ್ಕೆ ಬಂದಿದ್ಲು?" ಎಂದು ಕೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವಳನ್ನು ಏಣಿ, ಇನ್ನೊಂದು ಪೆಟ್ಟಿಗೆ, ತಂತಿಯ ಸುರುಳಿ ಸಮೇತ ಬೋಜ್-ಬೆಲ್‌ಗೆ ಅಟ್ಟಿದ. ನಾಲ್ಕು ತಾಸಿನ ಕಲ್ಲು ದಾರಿ. ಅವಳು ಹೊಸ ಪೆಟ್ಟಿಗೆಯನ್ನು ಬದಲಾಯಿಸಿದಳು. ಚೌಕ ಕಪ್ಪಾಗಿಯೇ ಉಳಿಯಿತು. ಅವನಿಗೆ ಒಳಗೊಳಗೇ ಒಂದು ಕ್ಷಣ ಸಂತೋಷವಾಯಿತು, ಆಮೇಲೆ ಆ ಸಂತೋಷದ ಮುಖ ನೋಡಿ ನಾಚಿಕೆಯಾಯಿತು.

ಹತ್ತೂವರೆಗೆ ಮೀರಿಮ್ ಬಂದಳು. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ಹಾಲಿನ ಲಾರಿ ಹತ್ತಿದ್ದಳು. ತಲೆವಸ್ತ್ರದ ಮಡಿಕೆಗಳಲ್ಲಿ ಬಿಳಿ ಧೂಳಿತ್ತು. ಗುಲ್ಜಾತ್ ಕೊಟ್ಟ ಚಹಾದ ಬಟ್ಟಲನ್ನು ಪಕ್ಕಕ್ಕಿಟ್ಟು, ಈ ಸಲ ಕಾಗದ ತೆಗೆಯದೆ, ಸೀದಾ ನಿಂತು ಹೇಳಿದಳು.

"ನೋಡ್ಕೊಂಡು ಬಂದೆ ಅಬಾಕೆ. ಎಲ್ಚಿಬೆಕ್‌ಗೆ ಬರುವಾಗ ಎರಡು. ಬೋಜ್-ಬೆಲ್‌ಗೆ ಬರುವಾಗ ಒಂದು. ಅಲ್ಲಿಂದ ಮನೆಗಳಿಗೆ ಇಳೀಬೇಕು ಅಂದ್ರೆ ಕೈಯಲ್ಲಿ ಏನೂ ಉಳಿದಿಲ್ಲ."

"ಏನು ಎರಡು? ಏನು ಒಂದು?"

"ಆಯುಸ್ಸು."

ಅಷ್ಟು ಸಾಕಾಯಿತು. ಪೇಟೆಯಿಂದ ಹೊರಡುವ ಚಿತ್ರದ ಪ್ರತಿ ಚೂರಿಗೂ ಹೊರಡುವ ಮೊದಲೇ ಒಂದು ಆಯುಸ್ಸಿನ ಅಂಕಿ ಬರೆದಿರುತ್ತದೆ. ದಾಟುವ ಪ್ರತಿ ಪೆಟ್ಟಿಗೆಯೂ ಅದರಿಂದ ಒಂದನ್ನು ಕಳೆಯುತ್ತದೆ. ಮುಗಿದಲ್ಲಿ ಆ ಚೂರನ್ನು ಸದ್ದಿಲ್ಲದೆ ಚೆಲ್ಲುತ್ತದೆ. ಇಲ್ಲದಿದ್ದರೆ ದಾರಿ ತಪ್ಪಿದ ಚೂರುಗಳು ಎಂದೆಂದಿಗೂ ಸುತ್ತುತ್ತಿರುತ್ತವೆ. ಈ ಪಾಠವನ್ನು ಅವನು ಎಷ್ಟು ಹುಡುಗರಿಗೆ ಹೇಳಿಕೊಟ್ಟಿಲ್ಲ! ಅಂಕಿ ಬರೆಯುವುದು ಮೂಲದಲ್ಲಿ, ಈ ಕೋಣೆಯ ಮೂಲೆಯಲ್ಲಿ ಗುರುಗುಡುವ ಹಳೆಯ ಸರ್ವರಿನಲ್ಲಿ. ಅದನ್ನು ಬರೆದವನು ಅವನೇ. ಎಲ್ಲರೂ ಕಣ್ಣುಮುಚ್ಚಿ ಅರವತ್ತನಾಲ್ಕೋ ಇನ್ನೂರೋ ಹಾಕುವ ಜಾಗದಲ್ಲಿ, ಏಳು ತಂದೆಯರ ಹುಮ್ಮಸ್ಸಿನಲ್ಲಿ ಅವನು ಮೊದಲು ಏಳು ಹಾಕಿದ್ದ. ಏಳನೆಯ ಹಳ್ಳಿಯ ಮನೆಗಳಿಗೆ ಚಿತ್ರ ಇಳಿಯದಿದ್ದಾಗ ಒಂದನ್ನು ಕೂಡಿಸಿ ಎಂಟು ಮಾಡಿದ್ದ. ಆ ಗಳಿಗೆ ಇಡಿಯಾಗಿ ನೆನಪಾಯಿತು: ಏಳು ಜನ ತಂದೆಯರು, ಎಂಟನೆಯವನು ನಾನು, ಲೆಕ್ಕ ಸರಿಹೋಯಿತು, ಎಂದು ಒಬ್ಬನೇ ಕೂತು ನಕ್ಕಿದ್ದ. ತನ್ನಾಚೆಗೆ ಇನ್ನೊಂದು ಹಳ್ಳಿ ಇರಬಹುದೆಂದು ಅವನಿಗೆ ತೋಚಿರಲೇ ಇಲ್ಲ.

ಎದ್ದು ಮೂಲೆಗೆ ಹೋದ. ಎಂಟನ್ನು ಅಳಿಸಿ ಅರವತ್ತನಾಲ್ಕು ಬರೆಯಲು ಎರಡು ಬೆರಳು, ಒಂದು ಉಸಿರು ಸಾಕಾಯಿತು. ತಿರುಗಿ ನೋಡಿದರೆ ಎಂಟನೆಯ ಚೌಕದಲ್ಲಿ ಬಯಲು ಹರಡಿಕೊಂಡಿತ್ತು: ಬಿಳಿ ಗುಡಾರಗಳು, ಹೊಗೆ, ಕುದುರೆಗಳ ಬೆನ್ನು. ಗುಲ್ಜಾತ್ ಚಪ್ಪಾಳೆ ತಟ್ಟಿದಳು. ಎರಡು ನಿಮಿಷಕ್ಕೆ ಬೋಜ್-ಬೆಲ್‌ನಿಂದ ಲೈನಿನ ಮೇಲೆ ಕರೆ, ಮುದುಕಿಯನ್ನು ನೋಡಿಕೊಳ್ಳುವ ಹೆಂಗಸು ಅಳುತ್ತಿದ್ದಳೋ ನಗುತ್ತಿದ್ದಳೋ, "ಬಂತು, ಬಂತು, ಅಜ್ಜಿ ಗುಡಾರ ಎಣಿಸ್ತಿದ್ದಾರೆ!" ಎಂದಳು. ಅದರ ಬೆನ್ನಿಗೇ ಕೆರಿಮ್‌ಕುಲ್. "ಬಂತಂತಲ್ಲೋ! ಏನಾಗಿತ್ತು?" "ಒಂದು ಅಂಕಿ ಕಡಿಮೆ ಬಿದ್ದಿತ್ತು, ಬಾಯ್ಕೆ." "ಆ ಹುಡುಗಿ ಹಾಕಿದ್ದಾ?" ಆ ಪ್ರಶ್ನೆ ಗಾಜಿನಷ್ಟು ತಿಳಿಯಾಗಿ ಕೇಳಿಸಿತು. "ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ, ಅಲ್ಲಿಗೇ ಬರ್ತೀನಿ" ಎಂದು ಸಿರ್ಗಾಕ್ ಫೋನು ಇಟ್ಟ. ಮೀರಿಮ್ ಚಹಾದ ಬಟ್ಟಲು ಎತ್ತಿಕೊಂಡು ಈಗ ಕುಡಿಯತೊಡಗಿದಳು. ಆರಿ ತಣ್ಣಗಾಗಿದ್ದಿರಬೇಕು.

ಆಮೇಲೆ, ಜಾಕೆಟ್ಟಿನ ತೋಳಿಗೆ ಒಂದು ಕೈ ತೂರಿಸಿದವನು, ಇನ್ನೊಂದು ಕೈ ಹೊರಗೇ ಬಿಟ್ಟು ನಿಂತುಬಿಟ್ಟ. ಎಲ್ಚಿಬೆಕ್‌ಗೆ ಬರುವಾಗ ಎರಡು. ಅವಳು ಹೆಸರು ಹೇಳಿದ್ದಳು. ಸೇತುವೆ ಪಕ್ಕದವರು, ಗಿರಣಿ ಹತ್ತಿರದವರು, ಮೇಲಿನ ಹಿರಿಯರು ಎನ್ನುತ್ತಿದ್ದವಳು ಏಳನೆಯದಕ್ಕೆ ಬಂದಾಗ ನಾಲಿಗೆ ತಡವರಿಸದೆ, ಟೈರಿನವನನ್ನು ಕರೆದಂತೆ ಕರೆದಿದ್ದಳು.

"ಏಳನೆಯದರ ಹೆಸರು ಹೇಳಿದೆಯಲ್ಲ" ಎಂದ, ದನಿ ಆದಷ್ಟು ಹಗುರ ಮಾಡಿಕೊಂಡು.

"ಹೇಳ್ಬಾರ್ದಿತ್ತಾ ಅಬಾಕೆ? ಅತ್ತೆ ಕೊಟ್ಟ ಚೀಟಿಯಲ್ಲಿ ಆ ಹೆಸರಿಲ್ಲ."

"ಯಾವ ಚೀಟಿ?"

"ಬಾಯಲ್ಲಿ ತರಬಾರದ ಹೆಸರುಗಳ ಚೀಟಿ. ಅತ್ತೆ ಮದುವೆಯಾಗಿ ಬಂದಾಗ ನಮ್ಮ ದೊಡ್ಡ ತಾತ ಬರೆದುಕೊಟ್ಟಿದ್ದಂತೆ. ಸೊಸೆಯರ ಟ್ರಂಕಿನಲ್ಲೇ ಇರತ್ತೆ. ಏಳು ಹೆಸರಿದೆ."

"ಏಳನೆಯದು ಯಾವುದು?"

ಅವಳು ಬಟ್ಟಲು ಕೆಳಗಿಟ್ಟಳು. ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಅವನು ತಡೆದುಕೊಳ್ಳಬಹುದಿತ್ತು, ಇದ್ದದ್ದು ಸಂಕೋಚ. "ಅದನ್ನ ನಾನು ಹೇಗೆ ಹೇಳಲಿ, ಅಬಾಕೆ?"

ಬಯಲಿಗೆ ಹೋಗುವ ಜೀಪಿನಲ್ಲಿ ಅವಳು ಹಿಂದೆ ಕೂತಳು, ಅವನು ಮುಂದೆ. ಎರಡು ತಿಂಗಳಿಂದ ಅವಳಿಗೆ ಗೊತ್ತು. ದಿನವೂ ಆ ಸುಳ್ಳು ಹೆಸರಿನ ಪೆಟ್ಟಿಗೆಯನ್ನು ಪರದೆಯಲ್ಲಿ ನೋಡಿ, ಅಬಾಕೆ ಎಂದು ಕರೆದು, ಚಹಾ ಕೊಟ್ಟಿದ್ದಾಳೆ. ಅವಳಿಗೆ ಗೊತ್ತೆಂದರೆ ಅವಳ ಅತ್ತೆಗೆ ಗೊತ್ತು. ಅತ್ತೆಗೆ ಗೊತ್ತೆಂದರೆ ಎಲ್ಲ ಒಲೆಗಳ ಮುಂದೂ ಗೊತ್ತು. ಕಣಿವೆಯ ಹೆಂಗಸರೆಲ್ಲ ಒಂಬತ್ತು ವರ್ಷದಿಂದ ತನಗೆ ಬಟ್ಟಲು ದಾಟಿಸುತ್ತ ಒಳಗೇ ನಗುತ್ತಿದ್ದರು ಎಂದು ಊಹಿಸಿಕೊಂಡು, ಸಿರ್ಗಾಕ್ ಸೀಟಿನಲ್ಲಿ ಸಣ್ಣಗಾದ. ಆಗಲೂ ಅವನ ತಲೆಯ ಒಂದು ಭಾಗ ಬೇರೆಯೇ ಲೆಕ್ಕ ಹಾಕುತ್ತಿತ್ತು: ಅಂಕಿಯ ವಿಷಯ ಒಪ್ಪಿಕೊಂಡುಬಿಟ್ಟರೆ ಹೆಸರಿನ ವಿಷಯ ಒಪ್ಪಿಕೊಳ್ಳಬೇಕಾಗಿಲ್ಲವೇನೋ, ಒಂದು ದಿನಕ್ಕೆ ಒಂದು ಮರ್ಯಾದೆ ಕಳೆದುಕೊಂಡರೆ ಸಾಲದೆ? ಇಂಥ ಚೌಕಾಸಿಯನ್ನು ಅವನು ಕುರಿ ಕೊಳ್ಳುವಾಗಲೂ ಮಾಡಿದವನಲ್ಲ.

ದೊಡ್ಡ ಗುಡಾರದಲ್ಲಿ ಹಿರಿಯರು ಸಾಲಾಗಿ ಕೂತಿದ್ದರು, ಬಿಳಿ ಕಲ್ಪಾಕ್ ಟೋಪಿಗಳ ಸಾಲು. ಕೆರಿಮ್‌ಕುಲ್ ಎದ್ದು ಬಂದು ಅವನನ್ನು ತಬ್ಬಿಕೊಂಡ. ಮೈಯಿಂದ ಹೊಗೆ ಮತ್ತು ಕೊಬ್ಬಿನ ವಾಸನೆ ಬರುತ್ತಿತ್ತು, ಕಣ್ಣು ಒದ್ದೆಯಾಗಿತ್ತು. "ಅಮ್ಮ ನನ್ನ ಟೋಪಿ ಓರೆಯಾಗಿದೆ ಅಂತ ಅಲ್ಲಿಂದ ಹೇಳಿ ಕಳಿಸಿದ್ರು ಕಣೋ!" ಸಿರ್ಗಾಕ್ ಜೀಪಿನಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದ. "ಬಾಯ್ಕೆ, ತಪ್ಪು ನನ್ನದು. ಅಂಕಿ ಹಾಕಿದ್ದು ನಾನು, ಒಂಬತ್ತು ವರ್ಷದ ಹಿಂದೆ. ಮೀರಿಮ್ ಮೊದಲ ದಿನಾನೇ ಹೇಳಕ್ಕೆ ಬಂದಿದ್ಲು, ನಾನು ಬಾಯಿ ಮುಚ್ಚಿಸಿದೆ." ಕೆರಿಮ್‌ಕುಲ್ ಅವನ ಮುಖ ನೋಡಿದ. ನೋಡುತ್ತ ನೋಡುತ್ತ ಅವನ ತುಟಿ ಅರಳಿತು. "ನೋಡಿದ್ರಾ?" ಎಂದು ಹಿರಿಯರ ಕಡೆ ತಿರುಗಿದ. "ದೊಡ್ಡತನ ಅಂದ್ರೆ ಇದು. ಮನೆ ಸೊಸೆ ಕೆಲಸ ಉಳಿಸಕ್ಕೆ ತಪ್ಪನ್ನ ತನ್ನ ತಲೆ ಮೇಲೆ ಹೊತ್ಕೊಂಡು ಬಂದಿದ್ದಾನೆ!" "ಇಲ್ಲ ಬಾಯ್ಕೆ, ನಿಜವಾಗ್ಲೂ..." "ಬಿಡಯ್ಯಾ. ಇಪ್ಪತ್ತು ವರ್ಷದಿಂದ ನಿನ್ನನ್ನ ಬಲ್ಲೆ, ನೀನೆಲ್ಲಿ ತಪ್ಪು ಮಾಡ್ತೀಯ! ಹುಡುಗಿ ಇರಲಿ, ನಿನ್ನ ಮುಖ ನೋಡಿ ಬಿಟ್ಟೆ." ಸಿರ್ಗಾಕ್ ಮೂರು ಸಲ ಬಾಯಿ ತೆರೆದ, ತೆರೆದಷ್ಟೂ ಅವನ ದೊಡ್ಡತನ ಬೆಳೆಯುತ್ತ ಹೋಯಿತು. ಕೊನೆಗೆ ಅವನನ್ನು ಬಾಗಿಲಿನ ಬಳಿಯಿಂದ ಕರೆದೊಯ್ದು, ಮೇಲಿನ ಸಾಲಿಗೆ ಹತ್ತಿಸಿ, ಅವನಿಗಿಂತ ಹತ್ತು ವರ್ಷ ದೊಡ್ಡವರಿಗೆ ಸಲ್ಲಬೇಕಾದ ಸೊಂಟದ ಮೂಳೆಯ ಮಾಂಸವನ್ನು ಕೈಗೆ ಕೊಟ್ಟರು. ಸತ್ಯ ಹೇಳಿದ್ದಕ್ಕೆ ಸುಳ್ಳುಗಾರನಿಗೆ ಬಹುಮಾನ.

ಆ ಬಿಸಿ ಮೂಳೆಯನ್ನು ಹಿಡಿದುಕೊಂಡು ಕೂತಾಗ ಅವನಿಗೆ ರೋಸಿಹೋಯಿತು. ಒಪ್ಪಿಕೊಂಡರೂ ನಂಬುವವರಿಲ್ಲದ ಮರ್ಯಾದೆ ಯಾರಿಗೆ ಬೇಕು? ಪಕ್ಕದಲ್ಲಿ ದೊಡ್ಡಪ್ಪನ ಮಗ, ಮೀರಿಮಳ ಮಾವ ಇಶೆನಾಲಿ ಹುಳಿ ಕುದುರೆಹಾಲು, ಕುಮಿಸ್, ಹೀರುತ್ತಿದ್ದ. "ಇಶೆನಾಲಿ ಬಾಯ್ಕೆ, ನಮ್ಮ ಏಳನೆಯ ತಂದೆ ಯಾರು?" ಎಂದು ಸಿರ್ಗಾಕ್ ಗಟ್ಟಿಯಾಗಿ, ಸಾಲಿಗೆಲ್ಲ ಕೇಳಿಸುವಂತೆ ಕೇಳಿದ. ನಲವತ್ತೇಳು ವರ್ಷದ ಗಂಡಸು ಕೇಳಬಾರದ ಪ್ರಶ್ನೆ. ಈಗ ನಗುತ್ತಾರೆ, ಉಗಿಯುತ್ತಾರೆ, ಮುಗಿಯುತ್ತದೆ ಎಂದು ಭುಜ ಗಟ್ಟಿ ಮಾಡಿಕೊಂಡ. ಇಶೆನಾಲಿ ಮೀಸೆ ಒರೆಸಿಕೊಂಡು, "ಪರೀಕ್ಷೆ ಮಾಡ್ತಿದ್ದೀಯೇನೋ? ಎ‌ಲ್ಚಿಬೆಕ್" ಎಂದ. "ಎಲ್ಚಿಬೆಕ್" ಎಂದರು ಆಚೆ ಕೂತಿದ್ದ ಮನೆತನದವರು. "ವಂಶಾವಳಿ ಪುಸ್ತಕದಲ್ಲೇ ಇದೆಯಲ್ಲ, ಎಲ್ಚಿಬೆಕ್ ಬಾತಿರ್, ದೊಡ್ಡ ವೀರ" ಎಂದ ಇನ್ನೊಬ್ಬ ಮುದುಕ. ಆಗ ಸಿರ್ಗಾಕನಿಗೆ ಹೋದ ವರ್ಷದ ಒಂದು ಫೋನು ನೆನಪಾಯಿತು. ನಿವೃತ್ತ ಭೂಗೋಳದ ಮೇಷ್ಟ್ರು, ಮನೆತನದ ಪುಸ್ತಕ ಅಚ್ಚು ಹಾಕಿಸುತ್ತಿದ್ದವರು, "ಏಳನೆಯದರಲ್ಲಿ ಮುದುಕರು ಒಬ್ಬೊಬ್ಬರು ಒಂದೊಂದು ಹೇಳ್ತಾರಪ್ಪ, ನೀನು ಓದಿದವನು, ನಿನ್ನ ಪೆಟ್ಟಿಗೆ ಮೇಲಿರೋದೇ ಸರಿ ತಾನೆ?" ಎಂದು ಕೇಳಿದ್ದರು. ಹೂಂ ಎಂದಿದ್ದ. ಮುನ್ನೂರು ಪ್ರತಿ. ಕಣಿವೆಯಲ್ಲಿ ಕೇಳಿದ ಮನೆಗೆಲ್ಲ ಒಂದೊಂದು. ಟೈರಿನವನು ಈಗ ವೀರ. ಹುಡುಗರು ಅವನ ಹೆಸರು ಹೇಳಿ ಸಕ್ಕರೆ ತಿನ್ನುತ್ತಿರಬೇಕು. ನಿಜವಾದ ಏಳನೆಯವನನ್ನು ಬಲ್ಲವರು, ಅವನನ್ನು ಹೆಸರು ಹಿಡಿದು ಕರೆಯಬಾರದ ಹೆಂಗಸರು ಮಾತ್ರ.

ಅವನು ಮಾಂಸ ಹಿಡಿದುಕೊಂಡೇ ಎದ್ದು ಹೊರಗೆ ನಡೆದ. ಗುಡಾರದ ಹಿಂದೆ ಒಲೆಗಳ ಹತ್ತಿರ, ಅಡುಗೆಗೆ ಕೈಜೋಡಿಸಲು ಬಂದಿದ್ದ ಅವನ ಮನೆತನದ ಸೊಸೆಯರು ಹಿಟ್ಟಿನ ಬೋರ್ಸೋಕ್ ತುಂಡುಗಳನ್ನು ಕರಿಯುತ್ತ, ಬಟ್ಟಲು ತೊಳೆಯುತ್ತ ಇದ್ದರು, ಎಂಟೊಂಬತ್ತು ಜನ. ಮೀರಿಮ್ ಧೂಳು ಬಟ್ಟೆಯಲ್ಲೇ ಹಿಟ್ಟು ಲಟ್ಟಿಸುತ್ತಿದ್ದಳು. ನಡುವೆ ಅವಳ ಅತ್ತೆ, ಸಿರ್ಗಾಕ್ ಜೆಂಗೆ ಎಂದು ಕರೆಯುವ ಅತ್ತಿಗೆ ಬಾತ್ಮಾ. ಅವಳು ಸೊಸೆಯಾಗಿ ಬಂದಾಗ ಇವನಿಗೆ ಏಳು ವರ್ಷ; ಮೈದುನನ ಹೆಸರನ್ನೂ ಹೇಳಬಾರದಾದ್ದರಿಂದ ಅವತ್ತೇ ಒಂದು ಹೆಸರು ಕಟ್ಟಿದ್ದಳು. "ಏನು ಸಕ್ಕರೆ ಹುಡುಗ, ಗಂಡಸರ ಗುಡಾರದಲ್ಲಿ ಜಾಗ ಇಲ್ವಾ?"

"ಜೆಂಗೆ, ನನ್ನ ಏಳನೆಯ ತಂದೆ ಹೆಸರು ಬೇಕು. ನನಗೆ ಗೊತ್ತಿಲ್ಲ. ಎಲ್ಚಿಬೆಕ್ ಅನ್ನೋದು ನಾನು ಟೈರಿನಂಗಡಿ ನೋಡಿ ಬರೆದದ್ದು."

ಲಟ್ಟಣಿಗೆಗಳು ನಿಂತವು. ಯಾರೋ ಹಿಂದೆ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡರು. ಬಾತ್ಮಾ ನಗಲಿಲ್ಲ. "ಅಂತೂ ಕೇಳಿದೆ. ನಾನು ಹೇಳಕ್ಕಾಗಲ್ಲ, ನಿನಗೇ ಗೊತ್ತು. ನಲವತ್ತು ವರ್ಷ ಬಾಯಲ್ಲಿ ತಂದಿಲ್ಲ, ಈಗ ತರ್ತೀನಾ?"

"ಚೀಟಿ ತೋರಿಸು."

"ಥೂ, ಸೊಸೆಯರ ಟ್ರಂಕಿನ ಚೀಟಿ ನೋಡಿ ಅಪ್ಪಂದಿರ ಹೆಸರು ಕಲೀತೀಯಾ? ನಾನು ಈ ಮನೆಗೆ ಬಂದ ದಿನ ನೀನು ಏಳೂ ಹೆಸರು ಹೇಳಿದ್ದೆ, ಮುಸುಕಿನೊಳಗೆ ಕೂತು ನಾನೇ ಕೇಳಿದ್ದೀನಿ. ನಿನ್ನೊಳಗೇ ಇದೆ ಅದು. ಮೊದಲಿಂದ ಹೇಳು, ಅವತ್ತಿನ ಥರ. ಕೈ ಪಕ್ಕಕ್ಕೆ."

ಬಯಲಿನಾಚೆ ಕುದುರೆಗಳನ್ನು ಗೆರೆಗೆ ತರುತ್ತಿದ್ದರು. ಧ್ವನಿವರ್ಧಕ ಅವನ ಮಾಲೀಕನ ತಂದೆಯ ಹೆಸರು ಹೇಳುತ್ತಿತ್ತು. ಸಿರ್ಗಾಕ್ ಕೈ ಪಕ್ಕಕ್ಕಿಟ್ಟ. ಒಂದು ಕೈಯಲ್ಲಿ ಮಾಂಸ ಇತ್ತು, ಕೊಬ್ಬು ಪ್ಯಾಂಟಿಗೆ ಇಳಿಯುತ್ತಿತ್ತು; ಎಲ್ಲಿಡಬೇಕೋ ತಿಳಿಯಲಿಲ್ಲ. "ಬೇಯ್ಶೆನ್" ಎಂದ. ಹೆಂಗಸರೆಲ್ಲ ಬಲಗೈ ಎದೆಗೊತ್ತಿ, ಮೊಣಕಾಲು ಮಡಿಸಿ ಬಾಗಿ ಎದ್ದರು. ಹಿರಿಯರು ಎದುರಾದಾಗ ಸೊಸೆಯರು ಮಾಡುವ ವಂದನೆ. "ಜುಮಾಶ್." ಬಾಗಿದರು. "ತಿಲೆಕ್. ಬೊರೊಂಚು. ಸಾರಿಬಾಯ್. ಕಲ್‌ಮುರಾತ್." ಒಂದೊಂದಕ್ಕೂ ಬಾಗಿದರು. "ಎಲ್ಚಿಬೆಕ್" ಎಂದಿತು ನಾಲಿಗೆ, ಒಂಬತ್ತು ವರ್ಷದ ಅಭ್ಯಾಸ. ಹೆಂಗಸರು ನೆಟ್ಟಗೆ ನಿಂತಿದ್ದರು. "ಮತ್ತೆ ಹೇಳು" ಎಂದಳು ಬಾತ್ಮಾ. ಮತ್ತೆ ಹೇಳಿದ. ಮತ್ತೆ ಟೈರಿನವನೇ ಬಂದ. ಒಬ್ಬಳೂ ಅಲ್ಲಾಡಲಿಲ್ಲ. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ, ಹಿಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡ. ಗಲ್ಲ ತಾನಾಗಿಯೇ ಮೇಲೆದ್ದಿತು. ಉಸಿರು ಬಿಡದೆ ಹೇಳುತ್ತ ಹೋದ, ಅರ್ಥಕ್ಕಲ್ಲ, ಓಟಕ್ಕೆ. ಕಲ್‌ಮುರಾತ್ ದಾಟಿದ ಮೇಲೆ ಬಾಯಿ ಒಂದು ಕ್ಷಣ ಖಾಲಿಯಾಯಿತು, ಆ ಖಾಲಿಯೊಳಗಿಂದ, ತಾನು ಕೇಳದೆ, ತಾನು ಕರೆಯದೆ, ಒಂದು ಹೆಸರು ಬಂತು.

"ಅತ್ತೊಕುರ್."

ಬಟ್ಟೆಗಳ ಸರಭರ ಸದ್ದಾಯಿತು. ಕಣ್ಣು ಬಿಟ್ಟ. ಬಾತ್ಮಾ, ಮೀರಿಮ್, ಹಿಟ್ಟಿನ ಕೈಯವರು, ಒದ್ದೆ ಕೈಯವರು, ಎಲ್ಲರೂ ಎದೆಯ ಮೇಲೆ ಕೈಯಿಟ್ಟು ಬಾಗಿದ್ದರು, ಮತ್ತು ಈ ಸಲ ಬೇಗ ಏಳಲಿಲ್ಲ. ನೆಟ್ಟಗೆ ನಿಂತಿರುವವನು ತಾನೊಬ್ಬನೇ ಎಂದು ಅರಿವಾಗಿ, ಸಿರ್ಗಾಕ್ ಮೂಳೆ ಹಿಡಿದ ಕೈಯನ್ನೇ ಎದೆಗೊತ್ತಿಕೊಂಡು ಅವರ ಮುಂದೆ ತಲೆ ಬಾಗಿಸಿದ.